ಗೇ, ಲೆಸ್ಬಿಯನ್ ಚಳವಳಿ ಎಲ್ಲಿಂದ ಬಂತು? ದಾವಣಗೆರೆಯ ಅಡುಗೆಮನೆಯಲ್ಲಿ ಎದ್ದ ಪ್ರಶ್ನೆ

2023ರ ಅಕ್ಟೋಬರ್ 17. ಟಿವಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಸುದ್ದಿ ಓಡುತ್ತಿತ್ತು. ಒಂದೇ ಲಿಂಗದವರ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು ಕೋರ್ಟ್ ಒಪ್ಪಿರಲಿಲ್ಲ. ಚಿಕ್ಕಮ್ಮ ಒಳಗೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಬಾಣಲೆಯಲ್ಲಿ ಶೇಂಗಾ ಚಟಚಟ ಅನ್ನುತ್ತಿತ್ತು. ಅರಿಶಿನದ ಕೈ ಸೆರಗಿಗೆ ಒರೆಸಿಕೊಂಡು ಬಾಗಿಲಿಗೆ ಬಂದು ಕೇಳಿದರು: "ಇವೆಲ್ಲ ಈಗ ಬಂದಾವಲ್ಲೋ? ನಮ್ಮ ಕಾಲದಾಗ ಇರ್ಲಿಲ್ಲ."

ಚಿಕ್ಕಮ್ಮನಿಗೆ ನನ್ನ ವಿಷಯ ಗೊತ್ತು. ನಾನು ಗೇ ಅಂತ ಐದು ವರ್ಷ ಮೊದಲೇ ಇದೇ ಅಡುಗೆಮನೆಯಲ್ಲಿ ನಿಂತು ಹೇಳಿದ್ದೆ. ಹಾಗಾಗಿ ಅವರ ಮಾತಿನಲ್ಲಿ ಚುಚ್ಚು ಇರಲಿಲ್ಲ. ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದರು. ಒಂದು ತಟ್ಟೆ ಮಂಡಕ್ಕಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಕಥೆ ಇದಲ್ಲ. ಅದಕ್ಕೇ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ಪದಗಳನ್ನು ಸರಿ ಮಾಡಿಕೊಳ್ಳೋಣ. ಗಂಡಸಿನ ಮೇಲೆ ಮನಸ್ಸಿರುವ ಗಂಡಸು ಗೇ. ಹೆಣ್ಣಿನ ಮೇಲೆ ಮನಸ್ಸಿರುವ ಹೆಣ್ಣು ಲೆಸ್ಬಿಯನ್. ಇದು ಯಾರನ್ನು ಪ್ರೀತಿಸುತ್ತೇವೆ ಎಂಬುದರ ಮಾತು. ಟ್ರಾನ್ಸ್‌ಜೆಂಡರ್ ಅನ್ನುವುದು ನಾನು ಗಂಡೋ ಹೆಣ್ಣೋ, ಎರಡೂ ಅಲ್ಲವೋ ಎಂಬುದರ ಮಾತು. ನಮ್ಮ ಜೋಗಪ್ಪಂದಿರು, ಹಿಜ್ರಾಗಳು ಈ ಎರಡನೇ ಸಾಲಿಗೆ ಸೇರಿದವರು. ಜನ ಎರಡನ್ನೂ ಕಲಸಿಬಿಡುತ್ತಾರೆ. ಚಳವಳಿಯಲ್ಲಿ ಮಾತ್ರ ಎರಡೂ ಕಡೆಯವರು ಒಟ್ಟಿಗೇ ನಡೆದಿದ್ದಾರೆ, ಯಾಕಂದ್ರೆ ಏಟು ಇಬ್ಬರಿಗೂ ಬಿದ್ದಿದೆ.

ಪತ್ರಿಕೆಗಳಲ್ಲಿ ಬರುವ 'ಸಲಿಂಗಕಾಮ' ಅನ್ನುವ ಪದ ನನಗೆ ಒಗ್ಗುವುದಿಲ್ಲ. ಗಂಡ ಹೆಂಡತಿಯ ಬಾಳನ್ನು ಯಾರೂ ಬರೀ ಕಾಮ ಅಂತ ಕರೆಯುವುದಿಲ್ಲ, ಅಲ್ವಾ? 'ಸಲಿಂಗಪ್ರೇಮ' ಅನ್ನುವುದು ವಾಸಿ. ಕರ್ನಾಟಕದ ಸಂಘಟನೆಗಳು 'ಲೈಂಗಿಕ ಅಲ್ಪಸಂಖ್ಯಾತರು' ಅನ್ನುತ್ತವೆ. ಇನ್ನು ಪಾರ್ಕು, ಬಸ್ ಸ್ಟ್ಯಾಂಡಿನ ಭಾಷೆಯೇ ಬೇರೆ. ಹೆಣ್ಣಿನ ನಡೆನುಡಿ ಇರುವ ಗಂಡು 'ಕೋತಿ'. ಮಂಗನಿಗೂ ಇದಕ್ಕೂ ಸಂಬಂಧವಿಲ್ಲ, ಇದು ಸಮುದಾಯದ ಒಳಗಿನ ಪದ. ಅವನ ಜೊತೆಗಾರ 'ಪಂತಿ'. ಎರಡೂ ಆಗುವವನು 'ಡಬಲ್ ಡೆಕ್ಕರ್'. ಇಂಗ್ಲಿಷಿನ ಒಂದಕ್ಷರ ಬರದವರೂ ಈ ಪದಗಳಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿದಿದ್ದಾರೆ. ಗುರುತು ಹಿಡಿಯುವುದು, ಸೇರುವುದಕ್ಕೆ ಒಂದು ಜಾಗ ಹುಡುಕುವುದು, ಆ ಜಾಗ ಉಳಿಸಿಕೊಳ್ಳುವುದು. ಚಳವಳಿ ಅನ್ನುವ ದೊಡ್ಡ ಪದದ ಒಳಗೆ ನನಗೆ ಕಾಣುವುದು ಇದೇ.

ಚಿಕ್ಕಮ್ಮ ಹೇಳಿದ ಹಾಗೆ ಹೊಸದಾಗಿ ಬಂದದ್ದು ಒಂದಿದೆ. ಅದು ಕಾನೂನು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ 1533ರಲ್ಲಿ ಗಂಡಸರ ನಡುವಿನ ದೈಹಿಕ ಸಂಬಂಧಕ್ಕೆ ಮರಣದಂಡನೆ ಇಟ್ಟ. ಅದೇ ಯೋಚನೆ ಹಡಗು ಹತ್ತಿ ಇಲ್ಲಿಗೆ ಬಂತು. ಬ್ರಿಟಿಷ್ ಅಧಿಕಾರಿ ಮೆಕಾಲೆಯ ಸಮಿತಿ 1837ರಲ್ಲಿ ಕರಡು ಬರೆಯಿತು. 1860ರಲ್ಲಿ ಭಾರತೀಯ ದಂಡಸಂಹಿತೆ ಆಯಿತು. 1862ರ ಜನವರಿ 1ರಿಂದ ಜಾರಿಗೆ ಬಂತು. ಅದರ 377ನೇ ಸೆಕ್ಷನ್ ಪ್ರಕಾರ 'ನಿಸರ್ಗದ ನಿಯಮಕ್ಕೆ ವಿರುದ್ಧವಾದ' ಸಂಭೋಗಕ್ಕೆ ಹತ್ತು ವರ್ಷದವರೆಗೆ ಜೈಲು, ಇಲ್ಲವೇ ಜೀವಾವಧಿ. ಇಬ್ಬರೂ ಒಪ್ಪಿದ್ದರಾ ಅನ್ನುವ ಪ್ರಶ್ನೆಯೇ ಅಲ್ಲಿ ಇರಲಿಲ್ಲ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಹಿಜ್ರಾಗಳ ಹೆಸರನ್ನೂ ಪೊಲೀಸ್ ಪುಸ್ತಕದಲ್ಲಿ ಬರೆಸಲು ಶುರು ಮಾಡಿದರು. ಇಂಗ್ಲೆಂಡ್ 1967ರಲ್ಲಿ ತನ್ನ ಮನೆಯ ಕಾನೂನನ್ನು ಸಡಿಲಿಸಿಕೊಂಡಿತು. ನಮ್ಮಲ್ಲಿ ಬಿಟ್ಟುಹೋದದ್ದು ಇನ್ನೂ 51 ವರ್ಷ ಹಾಗೇ ಉಳಿಯಿತು.

ಈ ಕಾನೂನು ನಿಜವಾಗಿ ಕೆಲಸ ಮಾಡಿದ್ದು ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 150 ವರ್ಷಗಳಲ್ಲಿ 200 ಜನರ ಮೇಲೂ ಕೇಸು ನಡೆದಿಲ್ಲ ಅಂತ ಸುಪ್ರೀಂ ಕೋರ್ಟೇ 2013ರಲ್ಲಿ ಹೇಳಿತು. ಹಾಗಾದರೆ ತೊಂದರೆ ಏನು ಅಂತ ಕೇಳಬಹುದು. ನನ್ನ ಗೆಳೆಯನಿಗೆ ಆದದ್ದು ಹೇಳುತ್ತೇನೆ. 2015ರಲ್ಲಿ ಮೊಬೈಲ್ ಆ್ಯಪ್‌ನಲ್ಲಿ ಪರಿಚಯವಾದ ಒಬ್ಬ ಇವನನ್ನು ಹೈವೇ ಪಕ್ಕದ ರೂಮಿಗೆ ಕರೆದ. ಹೋಗಿ ಐದು ನಿಮಿಷಕ್ಕೆ ಇನ್ನಿಬ್ಬರು ಒಳಗೆ ಬಂದರು. ಫೋನ್ ಕಿತ್ತುಕೊಂಡರು. ಅವನ ಅಕ್ಕನ ನಂಬರ್ ಹುಡುಕಿ ತೆಗೆದು, ಪರದೆಯ ಮೇಲೆ ಬೆರಳಿಟ್ಟು, "ಒತ್ತಲಾ?" ಅಂದರು. ಎಟಿಎಂಗೆ ಕರೆದುಕೊಂಡು ಹೋಗಿ ಇದ್ದಷ್ಟು ದುಡ್ಡು ತೆಗೆಸಿದರು. ಅವನು ದೂರು ಕೊಡಲಿಲ್ಲ. ಕೊಡುವುದಾದರೂ ಹೇಗೆ? ದರೋಡೆಯಾಯಿತು ಅಂದರೆ ಅಲ್ಲಿಗೆ ಯಾಕೆ ಹೋಗಿದ್ದೆ ಅಂತ ಕೇಳುತ್ತಾರೆ. ನಿಜ ಹೇಳಿದರೆ ಅವನೇ ಅಪರಾಧಿ. ಆಮೇಲೆ ಮೂರು ವರ್ಷ ಅವನು ಯಾರನ್ನೂ ಭೇಟಿಯಾಗಲಿಲ್ಲ. ಕಾನೂನು ಅವನನ್ನು ಜೈಲಿಗೆ ಹಾಕಲಿಲ್ಲ, ಅವನೇ ಮನೆಯ ಬಾಗಿಲು ಹಾಕಿಕೊಂಡ. ಇಂಥ ಸುಲಿಗೆ, ಪೊಲೀಸರ ಕಿರುಕುಳ ಎಷ್ಟು ಮಾಮೂಲಿಯಾಗಿತ್ತು ಅನ್ನುವುದನ್ನು ಮಾನವ ಹಕ್ಕುಗಳ ಸಂಘಟನೆಯಾದ ಕರ್ನಾಟಕದ ಪಿಯುಸಿಎಲ್ 2001ರಲ್ಲೇ ವರದಿ ಮಾಡಿ ಬರೆದಿಟ್ಟಿದೆ.

ಜಗತ್ತಿನಲ್ಲಿ ಚಳವಳಿಯ ಕಥೆಯನ್ನು ಸಾಮಾನ್ಯವಾಗಿ ನ್ಯೂಯಾರ್ಕಿನಿಂದ ಶುರು ಮಾಡುತ್ತಾರೆ. ನನಗೆ ಬರ್ಲಿನ್‌ನಿಂದ ಶುರು ಮಾಡುವುದೇ ಸರಿ ಅನ್ನಿಸುತ್ತದೆ. ಜರ್ಮನಿಯಲ್ಲೂ 1871ರಿಂದ ಇಂಥದ್ದೇ 175ನೇ ಕಲಂ ಇತ್ತು. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ಡಾಕ್ಟರ್ 1897ರಲ್ಲಿ ಸಮಿತಿ ಕಟ್ಟಿ ಅದನ್ನು ತೆಗೆಯಿರಿ ಅಂತ ಸಹಿ ಸಂಗ್ರಹಕ್ಕೆ ಇಳಿದರು. 1919ರಲ್ಲಿ ಲೈಂಗಿಕತೆಯ ಅಧ್ಯಯನಕ್ಕೇ ಒಂದು ಸಂಸ್ಥೆ ತೆರೆದರು. ಅಲ್ಲಿ ಗ್ರಂಥಾಲಯವಿತ್ತು, ಚಿಕಿತ್ಸೆ ಇತ್ತು, ಬಂದವರ ಕಷ್ಟ ಕೇಳುವವರು ಇದ್ದರು. ಅದೇ ಹೊತ್ತಿಗೆ ಬರ್ಲಿನ್‌ನಲ್ಲಿ ಗೇ, ಲೆಸ್ಬಿಯನ್ ಕ್ಲಬ್ಬುಗಳಿದ್ದವು. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿಗೆ ಅಂತಲೇ ಪತ್ರಿಕೆ ಬರುತ್ತಿತ್ತು. ಹಿರ್ಷ್‌ಫೆಲ್ಡ್ 1931ರಲ್ಲಿ ಭಾರತಕ್ಕೂ ಬಂದು ಹೋದರು. ಎರಡು ವರ್ಷ ಕಳೆಯುವುದರೊಳಗೆ ಎಲ್ಲ ಮುಗಿಯಿತು. 1933ರ ಮೇ 6ರಂದು ನಾಜಿಗಳು ಆ ಸಂಸ್ಥೆಗೆ ನುಗ್ಗಿದರು. ಮೇ 10ಕ್ಕೆ ಅಲ್ಲಿನ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಆಮೇಲೆ ಗೇ ಗಂಡಸರನ್ನು ಯಾತನಾ ಶಿಬಿರಗಳಿಗೆ ಹಾಕಿ ಅಂಗಿಯ ಮೇಲೆ ಗುಲಾಬಿ ಬಣ್ಣದ ತ್ರಿಕೋನ ಹೊಲಿಸಿದರು. ಯುದ್ಧ ಮುಗಿದರೂ ಕಲಂ ಹೋಗಲಿಲ್ಲ. ಪೂರ್ತಿ ತೆಗೆದುಹಾಕಿದ್ದು 1994ರಲ್ಲಿ. ಬರ್ಲಿನ್ ಕಥೆ ನಾನು ಬಿಡದೆ ಹೇಳುವುದು ಯಾಕಂದ್ರೆ, ಒಮ್ಮೆ ಸಿಕ್ಕ ಜಾಗ ಕಾಯಂ ಅಂತ ಅದನ್ನು ಓದಿದ ಮೇಲೆ ಯಾರಿಗೂ ಅನ್ನಿಸುವುದಿಲ್ಲ.

ಅಮೆರಿಕದಲ್ಲಿ 1950ರಲ್ಲಿ ಗೇ ಗಂಡಸರ ಮ್ಯಾಟಶೀನ್ ಸೊಸೈಟಿ ಹುಟ್ಟಿತು. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲೆಸ್ಬಿಯನ್ನರು ಡಾಟರ್ಸ್ ಆಫ್ ಬಿಲಿಟಿಸ್ ಕಟ್ಟಿದರು. ಇವರ ದಾರಿ ಮೆತ್ತಗಿತ್ತು. ನಾವೂ ನಿಮ್ಮ ಹಾಗೇ, ಸಹಿಸಿಕೊಳ್ಳಿ ಅನ್ನುವ ದನಿ. ಅದು ಬದಲಾಗಿದ್ದು 1969ರ ಜೂನ್ 28ರ ನಡುರಾತ್ರಿ ಕಳೆದ ಮೇಲೆ. ನ್ಯೂಯಾರ್ಕಿನ ಕ್ರಿಸ್ಟೋಫರ್ ಬೀದಿಯಲ್ಲಿ ಸ್ಟೋನ್‌ವಾಲ್ ಇನ್ ಎಂಬ ಬಾರ್ ಇತ್ತು. ನಡೆಸುತ್ತಿದ್ದವರು ಮಾಫಿಯಾದವರು. ಆದರೂ ಗೇಗಳು, ಲೆಸ್ಬಿಯನ್ನರು, ಹೆಣ್ಣುಡುಗೆಯ ಗಂಡುಗಳು ಒಟ್ಟಿಗೆ ಕುಣಿಯಬಹುದಾದ ಜಾಗ ಅದು. ಪೊಲೀಸ್ ದಾಳಿ ಅಲ್ಲಿ ಹೊಸದಲ್ಲ. ಆ ರಾತ್ರಿ ಜನ ಮನೆಗೆ ಹೋಗಲಿಲ್ಲ. ಬೀದಿಯಲ್ಲೇ ನಿಂತು ಎದುರು ಬಿದ್ದರು. ಗಲಾಟೆ ಹಲವು ರಾತ್ರಿ ನಡೆಯಿತು. ಅದೇ ವರ್ಷ ಗೇ ಲಿಬರೇಷನ್ ಫ್ರಂಟ್ ಎಂಬ ಸಂಘಟನೆ ಬಂತು. 'ಲಿಬರೇಷನ್', ಅಂದರೆ ವಿಮೋಚನೆ, ಅನ್ನುವ ಪದ ಆಗ ಗಟ್ಟಿಯಾಯಿತು. ಸಹಿಸಿಕೊಳ್ಳಿ ಅಂತ ಕೇಳುವುದನ್ನು ಬಿಟ್ಟು, ನಾವು ಹೀಗೇ, ನಮ್ಮಲ್ಲಿ ತಪ್ಪೇನಿಲ್ಲ ಅಂತ ಬೆಳಕಿನಲ್ಲಿ ನಿಲ್ಲುವುದು. ಮರುವರ್ಷ ಅದೇ ದಿನ ನ್ಯೂಯಾರ್ಕಿನಲ್ಲಿ ಮೊದಲ ಪ್ರೈಡ್, ಅಂದರೆ ಹೆಮ್ಮೆಯ, ಮೆರವಣಿಗೆ ಹೊರಟಿತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ. ಚಳವಳಿಯ ಕಾಮನಬಿಲ್ಲಿನ ಬಾವುಟ ನೋಡಿರುತ್ತೀರಿ. ಗಿಲ್ಬರ್ಟ್ ಬೇಕರ್ 1978ರಲ್ಲಿ ಮೊದಲು ಮಾಡಿದಾಗ ಅದರಲ್ಲಿ ಎಂಟು ಬಣ್ಣ ಇದ್ದವು. ಈಗ ಆರು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಈ ವಿಷಯದ ಮೇಲೆ ಮೊದಮೊದಲು ಪುಸ್ತಕ ಬರೆದವರಲ್ಲಿ ಒಬ್ಬರು ಬೆಂಗಳೂರಲ್ಲಿ ಹುಟ್ಟಿದ ಕನ್ನಡತಿ ಅಂದರೆ ಜಾಸ್ತಿ ಜನ ನಂಬುವುದಿಲ್ಲ. ಲೆಕ್ಕದ ಮಾಂತ್ರಿಕೆ ಶಕುಂತಲಾ ದೇವಿ. ಶಾಲೆಯಲ್ಲಿ ನಮ್ಮ ಮೇಷ್ಟ್ರು ಅವರ ಹೆಸರು ಹೇಳಿ ಗುಣಾಕಾರ ಕಲಿಸುತ್ತಿದ್ದರು. ಆಕೆ 1977ರಲ್ಲೇ ಸಲಿಂಗಪ್ರೇಮಿಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಇವರಿಗೆ ಬೇಕಾದದ್ದು ಸಹನೆಯೂ ಅಲ್ಲ ಅನುಕಂಪವೂ ಅಲ್ಲ, ಪೂರ್ತಿ ಒಪ್ಪಿಗೆ ಅಂತ ವಾದಿಸಿದ್ದರು. ಆಗ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ನನಗೆ ಹದಿನೈದು ವಯಸ್ಸಿನಲ್ಲಿ ಆ ಮಾತು ಯಾರಾದರೂ ಹೇಳಿದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

1990ರಲ್ಲಿ ಅಶೋಕ್ ರಾವ್ ಕವಿ ಮುಂಬೈಯಿಂದ ಗೇಗಳಿಗೆ ಅಂತ 'ಬಾಂಬೆ ದೋಸ್ತ್' ಪತ್ರಿಕೆ ಶುರು ಮಾಡಿದರು. 1992ರ ಆಗಸ್ಟ್‌ನಲ್ಲಿ ದೆಹಲಿಯ ಪೊಲೀಸ್ ಕೇಂದ್ರ ಕಚೇರಿ ಎದುರು ಒಂದು ಸಣ್ಣ ಗುಂಪು ಪ್ರತಿಭಟಿಸಿತು. ಪಾರ್ಕಿನಲ್ಲಿ ಕೂತ ಗಂಡಸರನ್ನು ಗೇಗಳು ಅನ್ನುವ ಅನುಮಾನದ ಮೇಲೆ ಪೊಲೀಸರು ಹಿಡಿದುಕೊಂಡು ಹೋಗಿದ್ದೇ ಅದಕ್ಕೆ ಕಾರಣ. 1994ರಲ್ಲಿ ಬೆಂಗಳೂರಿನಲ್ಲಿ 'ಗುಡ್ ಆ್ಯಸ್ ಯು' ಅನ್ನುವ ಗುಂಪು ಕೂಡಿತು. 1999ರಲ್ಲಿ 'ಸಂಗಮ' ಎಂಬ ಸಂಸ್ಥೆ ಬಂತು. ಕನ್ನಡ ಮಾತಾಡುವ, ಕೂಲಿ ಮಾಡುವ ಲೈಂಗಿಕ ಅಲ್ಪಸಂಖ್ಯಾತರ ಜೊತೆ ಕೆಲಸ ಮಾಡಿದ್ದು ಅದರ ಹೆಚ್ಚುಗಾರಿಕೆ. ಅದೇ ವರ್ಷ ಜುಲೈ 2ರಂದು ಕೋಲ್ಕತ್ತಾದಲ್ಲಿ ಹದಿನೈದು ಜನ ನಡೆದರು. ದೇಶದ ಮೊದಲ ಪ್ರೈಡ್ ನಡಿಗೆ ಅದು. ಬೆಂಗಳೂರಿಗೆ ಪ್ರೈಡ್ ಬಂದದ್ದು 2008ರಲ್ಲಿ. ಮೊದಲ ವರ್ಷಗಳಲ್ಲಿ ಮುಖವಾಡ ಹಾಕಿಕೊಂಡು ನಡೆದವರೂ ಇದ್ದರು.

ನಾನು ಮೊದಲ ಸಲ ನನ್ನಂಥವರನ್ನು ನೋಡಿದ್ದು ಗುಡ್ ಆ್ಯಸ್ ಯು ಗುಂಪಿನಲ್ಲಿ. ಗುರುವಾರ ಸಂಜೆ ಸೇರುತ್ತಾರೆ ಅನ್ನುವುದು ಗೊತ್ತಾದದ್ದು ದಾವಣಗೆರೆಯ ಒಂದು ಇಂಟರ್ನೆಟ್ ಸೆಂಟರಿನಲ್ಲಿ. ಮರದ ಹಲಗೆಯ ಗೂಡು, ಅರ್ಧ ಪರದೆ. ಹಿಂದೆ ಯಾರಾದರೂ ಬಂದರೆ ಅಂತ ಪಕ್ಕದಲ್ಲೇ ಕ್ರಿಕೆಟ್ ಸ್ಕೋರ್ ತೆರೆದಿಟ್ಟುಕೊಂಡಿದ್ದೆ. ವಿಳಾಸವನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಮನೆಯಲ್ಲಿ ಇಂಟರ್‌ವ್ಯೂ ಅಂತ ಸುಳ್ಳು ಹೇಳಿ 260 ಕಿಲೋಮೀಟರ್ ಹೋದೆ. ಬಾಗಿಲ ಹೊರಗೆ ಹತ್ತಾರು ಜೋಡಿ ಚಪ್ಪಲಿ ಇದ್ದವು. ಒಳಗೆ ಹೋಗುವ ಮೊದಲೇ ಅವನ್ನು ನೋಡಿ ಕಣ್ಣು ತುಂಬಿತು. ಇಷ್ಟು ಜನ! ನಾನು ಅಲ್ಲಿಯವರೆಗೆ ಇಡೀ ಕರ್ನಾಟಕಕ್ಕೆ ನಾನೊಬ್ಬನೇ ಅಂದುಕೊಂಡಿದ್ದೆ.

ಆದರೆ ಎಲ್ಲರಿಗೂ ಬೆಂಗಳೂರಿಗೆ ಹೋಗಲು ಆಗುವುದಿಲ್ಲ. ದಾವಣಗೆರೆ, ಚಿತ್ರದುರ್ಗದಂಥ ಊರುಗಳಿಗೆ ಚಳವಳಿ ಬೇರೆ ಬಾಗಿಲಿನಿಂದ ಬಂತು. ಅದು ಎಚ್ಐವಿ ತಡೆ ಕಾರ್ಯಕ್ರಮ. 2000ದ ಆಚೆ ಜಿಲ್ಲೆ ಜಿಲ್ಲೆಗಳಲ್ಲಿ ಗಂಡಸರ ಜೊತೆ ಸಂಬಂಧವಿರುವ ಗಂಡಸರಿಗೆ ಅಂತ ಕೇಂದ್ರಗಳು ತೆರೆದವು. ಕಾಗದದಲ್ಲಿ ಅವರ ಹೆಸರು 'ಎಂಎಸ್‌ಎಂ'. ಹೋದರೆ ಕಾಂಡೋಮ್ ಕೊಡುತ್ತಿದ್ದರು, ರಕ್ತ ಪರೀಕ್ಷೆಗೆ ಕಳಿಸುತ್ತಿದ್ದರು. ಅದರ ಜೊತೆಗೆ ಒಂದು ಚಾಪೆ, ಒಂದು ಕನ್ನಡಿ, ಮಧ್ಯಾಹ್ನ ಎರಡು ಗಂಟೆ ಯಾರೂ ಬೈಯದ ಕೋಣೆ. ಲಾರಿ ಕ್ಲೀನರ್, ಬಟ್ಟೆ ಅಂಗಡಿ ಹುಡುಗ, ಮದುವೆಯಾಗಿ ಎರಡು ಮಕ್ಕಳಿರುವ ಗುಮಾಸ್ತ, ಎಲ್ಲರೂ ಅಲ್ಲಿ ಸೇರುತ್ತಿದ್ದರು. ಸರ್ಕಾರದ ಕಣ್ಣಿಗೆ ನಾವು ಬಿದ್ದದ್ದು ರೋಗದ ಲೆಕ್ಕದಲ್ಲಿ ಅನ್ನುವುದು ನನಗೆ ಬೇಸರದ ವಿಷಯ. ಆದರೂ ಆ ಚಾಪೆಯ ಮೇಲೆ ಎಷ್ಟೋ ಜನ ಮೊದಲ ಸಲ ತಮ್ಮ ಹೆಸರು ನಿಜವಾಗಿ ಹೇಳಿಕೊಂಡಿದ್ದಾರೆ.

ನಮ್ಮ ಊರಿನ ಬಸ್ ನಿಲ್ದಾಣಕ್ಕೂ ಈ ಚರಿತ್ರೆಯಲ್ಲಿ ಒಂದು ಜಾಗವಿದೆ. ಜೋಗತಿ ನೃತ್ಯದ ಮಂಜಮ್ಮ ಮನೆಯಿಂದ ಹೊರಬಿದ್ದ ದಿನಗಳಲ್ಲಿ ಅಲ್ಲೇ ತಂದೆ ಮಗ ಇಬ್ಬರನ್ನು ನೋಡಿದರು. ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅವರಿಂದಲೇ ಆಕೆ ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದು ಎಲ್ಲರಿಗೂ ನೆನಪಿರಬೇಕು. ಮಂಜಮ್ಮನವರದು ಜೋಗತಿಯ ದಾರಿ, ನನ್ನದಲ್ಲ. ಆದರೂ ಆ ನಿಲ್ದಾಣದಲ್ಲಿ ಬಸ್ ಕಾಯುವಾಗ ಅವರ ನೆನಪು ಬಾರದೆ ಇರುವುದಿಲ್ಲ.

ಇಲ್ಲಿಯವರೆಗೆ ಗಂಡಸರ ಕಥೆಯೇ ಜಾಸ್ತಿ ಆಯಿತು. ಅದಕ್ಕೆ ಕಾರಣವಿದೆ. ಪಾರ್ಕು ಗಂಡಸರದು, ರಾತ್ರಿ ರೈಲು ಗಂಡಸರದು. ಎಚ್ಐವಿ ಕೇಂದ್ರವೂ ಗಂಡಸರದೇ. ಚಿತ್ರದುರ್ಗದ ಹುಡುಗಿಯೊಬ್ಬಳು ಸಂಜೆ ಏಳರ ಮೇಲೆ ಕೋಟೆ ಕಡೆ ಒಬ್ಬಳೇ ಹೋದರೆ ಮನೆಯವರು ಸುಮ್ನೆ ಇರುತ್ತಾರಾ? ಲೆಸ್ಬಿಯನ್ನರನ್ನು 377 ನೇರವಾಗಿ ಹಿಡಿದದ್ದು ಕಡಿಮೆ. ಅವರನ್ನು ಹಿಡಿದದ್ದು ಮನೆ. ಇಬ್ಬರು ಹುಡುಗಿಯರು ಊರು ಬಿಟ್ಟರೆ ಅಪ್ಪ ಅಪಹರಣದ ದೂರು ಕೊಡುತ್ತಾನೆ. ಹಿಡಿದು ತಂದು ತಿಂಗಳೊಳಗೆ ಒಬ್ಬಳಿಗೆ ಮದುವೆ ಮಾಡುತ್ತಾರೆ. ಕೇರಳದಲ್ಲಿ ಜೋಡಿ ಹುಡುಗಿಯರು ಒಟ್ಟಿಗೆ ಜೀವ ಕಳೆದುಕೊಳ್ಳುವ ಸುದ್ದಿ ಮೇಲಿಂದ ಮೇಲೆ ಬಂದಾಗ 2002ರಲ್ಲಿ ಇಂಥ ಹೆಣ್ಣುಮಕ್ಕಳಿಗೆ ನೆರವಾಗುವ 'ಸಹಯಾತ್ರಿಕಾ' ಗುಂಪು ಹುಟ್ಟಿತು. ಅದಕ್ಕೂ ಮೊದಲು 1987ರ ಕೊನೆಯಲ್ಲಿ ಭೋಪಾಲದ ಇಬ್ಬರು ಮಹಿಳಾ ಕಾನ್‌ಸ್ಟೆಬಲ್‌ಗಳು ಮದುವೆ ಮಾಡಿಕೊಂಡು ಕೆಲಸ ಕಳೆದುಕೊಂಡಿದ್ದರು. 1998ರ ಡಿಸೆಂಬರ್‌ನಲ್ಲಿ ಇಬ್ಬರು ಹೆಂಗಸರ ಪ್ರೀತಿಯ ಕಥೆಯ 'ಫೈರ್' ಸಿನಿಮಾ ತೋರಿಸುತ್ತಿದ್ದ ಟಾಕೀಸುಗಳ ಮೇಲೆ ದಾಳಿಯಾಯಿತು. ಆಗ ದೆಹಲಿಯ ರೀಗಲ್ ಟಾಕೀಸಿನ ಮುಂದೆ ಮೇಣದಬತ್ತಿ ಹಿಡಿದು ಹೆಣ್ಣುಮಕ್ಕಳು ನಿಂತರು. ಒಂದು ಫಲಕದಲ್ಲಿ ನಾನು ಭಾರತೀಯಳು, ಲೆಸ್ಬಿಯನ್ ಕೂಡ ಅನ್ನುವ ಅರ್ಥದ ಮಾತಿತ್ತು. ಮುಖ ಮುಚ್ಚಿಕೊಳ್ಳದೆ ಅದನ್ನು ಹಿಡಿಯಲು ಎಂಥ ಎದೆಗಾರಿಕೆ ಬೇಕಿತ್ತು!

ಕೋರ್ಟಿನ ದಾರಿ ಸುತ್ತುಬಳಸಿನದು. 2001ರಲ್ಲಿ ಲಖನೌದಲ್ಲಿ ಎಚ್ಐವಿ ಕೆಲಸ ಮಾಡುತ್ತಿದ್ದವರನ್ನೇ ಪೊಲೀಸರು 377ರ ಅಡಿ ಹಿಡಿದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿಟ್ಟರು. ಅದೇ ವರ್ಷ ಎಚ್ಐವಿ ಕೆಲಸ ಮಾಡುವ ನಾಜ್ ಫೌಂಡೇಷನ್ ಎಂಬ ಸಂಸ್ಥೆ 377 ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋಯಿತು. 2009ರ ಜುಲೈ 2ರಂದು ಹೈಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಅಂತ ನಮ್ಮ ಪರ ತೀರ್ಪು ಕೊಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಹಾಕಿತು. ನಾಲ್ಕು ವರ್ಷ ನಾಗರಿಕರಾಗಿದ್ದವರು ಒಂದು ಬೆಳಿಗ್ಗೆ ಮತ್ತೆ ಅಪರಾಧಿಗಳಾದೆವು.

ಬೀಗ ತೆರೆದದ್ದು ಎಲ್ಲಿಂದ ಗೊತ್ತಾ? ಆಧಾರ್ ಕಾರ್ಡಿನಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆಗ ಅವರಿಗೆ 86ರ ವಯಸ್ಸು. ಆ ಕೇಸಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂದರು. ಯಾರನ್ನು ಪ್ರೀತಿಸುತ್ತೇವೆ ಅನ್ನುವುದೂ ಆ ಖಾಸಗಿತನದ ಒಳಗೇ ಬರುತ್ತದೆ ಅಂತಲೂ ಬರೆದರು. ಅಲ್ಲಿಗೆ 2013ರ ತೀರ್ಪಿನ ಬುಡ ಅಲುಗಿತು. ನೃತ್ಯಗಾರ ನವತೇಜ್ ಸಿಂಗ್ ಜೋಹರ್, ಬೆಂಗಳೂರಿನ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ, ಐಐಟಿಗಳಲ್ಲಿ ಓದಿದ 20 ಜನ, ಹೀಗೆ ಬೇರೆ ಬೇರೆಯವರು ಅರ್ಜಿ ಹಾಕಿದ್ದರು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಅಂದರು. ಇಷ್ಟು ತಡವಾದದ್ದಕ್ಕೆ ಚರಿತ್ರೆ ಈ ಸಮುದಾಯಕ್ಕೂ ಅವರ ಮನೆಯವರಿಗೂ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. 'ಮನೆಯವರಿಗೂ' ಅನ್ನುವ ಆ ಪದ ಓದಿಯೇ ನಾನು ಚಿಕ್ಕಮ್ಮನ ಮುಂದೆ ಬಾಯಿ ಬಿಟ್ಟದ್ದು. ಅವರು ಒಲೆ ಆರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡಿದಿಯಾ?" ಅಂದರು.

ಈಗ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ? 2024ರ ಜುಲೈ 1ರಿಂದ ಹೊಸ ದಂಡಸಂಹಿತೆ ಬಂದಿದೆ, ಅದರಲ್ಲಿ 377 ಇಲ್ಲ. ಗೇ, ಲೆಸ್ಬಿಯನ್ನರನ್ನು 'ಸರಿ ಮಾಡುತ್ತೇನೆ' ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮಗನನ್ನೋ ಮಗಳನ್ನೋ ಡಾಕ್ಟರ ಹತ್ತಿರ ಎಳೆದೊಯ್ಯುವ ಯೋಚನೆಯಲ್ಲಿರುವ ತಂದೆತಾಯಿ ದಯವಿಟ್ಟು ಇದನ್ನು ಎರಡು ಸಲ ಓದಿ. ಮದುವೆ ಇಲ್ಲ. 2023ರ ತೀರ್ಪಿನ ಮರುಪರಿಶೀಲನೆಯ ಅರ್ಜಿಯೂ 2025ರ ಜನವರಿಯಲ್ಲಿ ಬಿದ್ದುಹೋಯಿತು. ಜೋಡಿಯಾಗಿ ದತ್ತು ತೆಗೆದುಕೊಳ್ಳುವ ಹಾಗಿಲ್ಲ. ಗಂಡ ಹೆಂಡತಿಗೆ ತಾನಾಗಿ ಸಿಗುವ ಆಸ್ತಿ ಹಕ್ಕು ಇಲ್ಲ. ಉಯಿಲು ಬರೆದಿಡಬೇಕು. ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು ಅಂತ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿದೆ. ರೇಷನ್ ಕಾರ್ಡಿನಲ್ಲೂ ಒಂದೇ ಮನೆಯವರು ಅಂತ ಎಣಿಸಬೇಕು ಅಂತ ರಾಜ್ಯಗಳಿಗೆ ತಿಳಿಸಿದೆ. ಸಣ್ಣದು ಅನ್ನಿಸಬಹುದು. ರೇಷನ್ ಕಾರ್ಡಿನಲ್ಲಿ ಎರಡು ಹೆಸರು ಒಟ್ಟಿಗೆ ಇರುವುದು ನಮ್ಮ ಊರಿನಲ್ಲಿ ಸಣ್ಣದಲ್ಲ.

ನಾವು ಕೆಲವರು ಈಗ ತಿಂಗಳಿಗೆ ಎರಡು ಭಾನುವಾರ ದಾವಣಗೆರೆಯಲ್ಲೇ ಸೇರುತ್ತೇವೆ. ಜಾಗದ ಹೆಸರು ಇಲ್ಲಿ ಬರೆಯುವುದಿಲ್ಲ. ದೋಸೆ ಹೋಟೆಲಿನ ಮೇಲಿನ ಮಹಡಿ, ಕಿಟಕಿ ಪಕ್ಕದ ಮೇಜು. ಮೊದಲು ಮೂರೇ ಜನ, ಎಲ್ಲರೂ ಗಂಡಸರು. ಕಳೆದ ಸಲ ಚಿತ್ರದುರ್ಗದಿಂದ ಒಬ್ಬಳು ಹುಡುಗಿ ಬಸ್ಸಿನಲ್ಲಿ ಬಂದಿದ್ದಳು. ಮನೆಯಲ್ಲಿ ಬಟ್ಟೆ ತರಲು ಹೋಗುತ್ತೇನೆ ಅಂದು ಬಂದಿದ್ದಳಂತೆ, ಕೈಯಲ್ಲಿ ನಿಜವಾಗಿಯೂ ಒಂದು ಬಟ್ಟೆ ಅಂಗಡಿಯ ಚೀಲ ಇತ್ತು. ಒಂದೂವರೆ ಗಂಟೆ ಕೂತಳು. ಏನೂ ಮಾತಾಡಲಿಲ್ಲ. ಬೆಣ್ಣೆ ದೋಸೆಯನ್ನು ಸಣ್ಣ ಸಣ್ಣ ತುಂಡು ಮಾಡಿ ತಿಂದಳು. ಏಳುವಾಗ ಮೆಟ್ಟಿಲ ಹತ್ತಿರ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಮುಂದಿನ ಸಲ ಇನ್ನೊಬ್ಬರನ್ನ ಕರ್ಕೊಂಡು ಬರಬಹುದಾ?" ಅಂತ ಕೇಳಿದಳು.